ಜೆರಾಕ್ಸಿಗೂ ದುಡ್ಡಿಲ್ಲದ ಕಾಯ್ದೆ

ಪ್ರತಿ ವರ್ಷ ವಿಧಾನಸೌಧದಲ್ಲಿ ಬಜೆಟ್ ಓದುವಾಗ ‘ಮಹಿಳಾ ಉದ್ದೇಶಿತ ಆಯವ್ಯಯ’ ಎಂದು ಒಂದು ದೊಡ್ಡ ಮೊತ್ತ ಕೇಳಿಬರುತ್ತದೆ. 2025-26ನೇ ಸಾಲಿಗೆ ಹಾಗೆ ಕೇಳಿಬಂದದ್ದು 94,084 ಕೋಟಿ ರೂಪಾಯಿ. ಒಟ್ಟು 4,09,549 ಕೋಟಿ ರೂಪಾಯಿಯ ಬಜೆಟ್ಟಿನಲ್ಲಿ ಇದು ನೂರಕ್ಕೆ ಸುಮಾರು 23ರಷ್ಟು. ಮೇಜು ಕುಟ್ಟುತ್ತಾರೆ, ಮಾರನೆಯ ದಿನ ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ. ನಾನು ಕೇಳುವ ಪ್ರಶ್ನೆ ಚಿಕ್ಕದು. ಗಂಡನ ಏಟು ತಿಂದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ರಾತ್ರಿ ಹನ್ನೊಂದು ಗಂಟೆಗೆ ಬಾಗಿಲಾಚೆ ನಿಂತ ಹೆಣ್ಣಿಗೆ ಇದರಲ್ಲಿ ಎಷ್ಟಿದೆ? ಇರುವಷ್ಟಾದರೂ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಕ್ಕೆ ಬಂದು ಮುಟ್ಟುತ್ತದೆಯೆ? ಮುಟ್ಟಿದ್ದು ಸರಿಯಾಗಿ ಖರ್ಚಾಗುತ್ತದೆಯೆ?

ಲೆಕ್ಕ ಕೇಳುವುದು ಗಂಡಸರ ಕೆಲಸ ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಹಳ್ಳಿಗಳಲ್ಲಿ ಹೆಬ್ಬೆಟ್ಟೊತ್ತುತ್ತಿದ್ದ ಹೆಂಗಸರು ಸಹಿ ಹಾಕಲು ಕಲಿತರು, ನಗದು ಪುಸ್ತಕ ಬರೆಯಲು ಕಲಿತರು. ಸಂಘದಲ್ಲಿ ಇಪ್ಪತ್ತು ರೂಪಾಯಿ ಹೆಚ್ಚುಕಡಿಮೆಯಾದರೆ ವಾರದ ಸಭೆ ಮುಗಿಯುವುದಿಲ್ಲ. ಆ ಲೆಕ್ಕದ ಕಣ್ಣನ್ನೇ ಈಗ ಸರ್ಕಾರದ ಕಡೆ ತಿರುಗಿಸಬೇಕಾಗಿದೆ.

ಕಾಯ್ದೆ ಏನು ಹೇಳಿತು?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಅದು ಪುಕ್ಕಟೆ ಬಂದದ್ದಲ್ಲ. ‘ಸ್ಟೌವ್ ಸಿಡಿದು ಗೃಹಿಣಿ ಸಾವು’ ಎಂಬ ಎರಡು ಸಾಲಿನ ಸುದ್ದಿಗಳ ಹಿಂದೆ ಇದ್ದ ಕೊಲೆಗಳನ್ನು ಬಯಲಿಗೆ ಎಳೆದ ಹೆಣ್ಣುಮಕ್ಕಳು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಪಡೆದದ್ದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ, 1983ರಲ್ಲಿ ಬಂದ 498ಎ, ಇವು ಅಪರಾಧಿಗೆ ಶಿಕ್ಷೆ ಕೊಡುವ ಮಾತಾಡಿದವು. ಏಟು ತಿಂದವಳಿಗೆ ಆ ರಾತ್ರಿ ಸೂರು, ಮರುದಿನ ಔಷಧಿ, ಮುಂದಿನ ತಿಂಗಳು ಜೀವನಾಂಶ ಯಾರು ಕೊಡಬೇಕು? ಆ ಪ್ರಶ್ನೆಗೆ 2005ರ ಕಾಯ್ದೆ ಉತ್ತರ ಕೊಟ್ಟಿತು.

ಪ್ರತಿ ಜಿಲ್ಲೆಗೂ ಅಗತ್ಯವಿದ್ದಷ್ಟು ಸಂರಕ್ಷಣಾಧಿಕಾರಿಗಳನ್ನು ಸರ್ಕಾರ ನೇಮಿಸಬೇಕು, ಸಾಧ್ಯವಾದಷ್ಟೂ ಹೆಂಗಸರನ್ನೇ ನೇಮಿಸಬೇಕು ಎಂದು ಎಂಟನೇ ಕಲಂ ಹೇಳುತ್ತದೆ. ಆ ಅಧಿಕಾರಿ ನೊಂದವಳ ಮಾತು ಕೇಳಿ ಕೌಟುಂಬಿಕ ಘಟನಾ ವರದಿ ಬರೆಯಬೇಕು, ಆಸ್ಪತ್ರೆಗೆ ಕಳಿಸಬೇಕು, ಆಶ್ರಯ ಕೊಡಿಸಬೇಕು, ಉಚಿತ ಕಾನೂನು ನೆರವು ಕೊಡಿಸಬೇಕು. ಮ್ಯಾಜಿಸ್ಟ್ರೇಟರು ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಇಡಬೇಕು, ಅಲ್ಲಿಂದ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು. ವಿಚಾರಣೆಯ ನೋಟೀಸನ್ನು ಎರಡು ದಿನದಲ್ಲಿ ಮುಟ್ಟಿಸುವ ಹೊಣೆಯೂ ಸಂರಕ್ಷಣಾಧಿಕಾರಿಯದೇ.

ಓದಿದರೆ ಹೊಟ್ಟೆ ತುಂಬುತ್ತದೆ. ಆದರೆ ಅಧಿಕಾರಿಗಳನ್ನು ‘ನೇಮಿಸತಕ್ಕದ್ದು’ ಎಂದು ಬರೆದ ಈ ಕಾಯ್ದೆಯಲ್ಲಿ, ಅದಕ್ಕಾಗಿ ಇಷ್ಟು ಹಣ ಇಡತಕ್ಕದ್ದು ಎಂದು ಎಲ್ಲೂ ಬರೆದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಇಲ್ಲಿ ದೇವರು ವರ ಕೊಡುವಾಗಲೇ ಪೂಜಾರಿಯ ಕೈ ಬರಿದು ಮಾಡಿ ಕಳಿಸಿದ್ದಾನೆ.

ಒಬ್ಬಳೇ ಅಧಿಕಾರಿ, ಹತ್ತು ಟೋಪಿ

ನಮ್ಮ ರಾಜ್ಯ ಏನು ಮಾಡಿತು? ತಾಲ್ಲೂಕಿನಲ್ಲಿ ಈಗಾಗಲೇ ಇರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನೇ, ಅಂದರೆ ನಮ್ಮ ಸಿ.ಡಿ.ಪಿ.ಓ.ಗಳನ್ನೇ, ಸಂರಕ್ಷಣಾಧಿಕಾರಿ ಎಂದು ಕರೆಯಿತು. ಆಕೆ ತಾಲ್ಲೂಕಿನ ಅಷ್ಟೂ ಅಂಗನವಾಡಿಗಳ ಆಹಾರ, ಮೊಟ್ಟೆ, ಕಟ್ಟಡ, ಕಾರ್ಯಕರ್ತೆಯರ ಗೌರವಧನ ನೋಡಬೇಕು. ಬಾಲ್ಯವಿವಾಹ ನಡೆದರೆ ತಡೆಯಲು ಓಡಬೇಕು. ಭಾಗ್ಯಲಕ್ಷ್ಮಿ ಬಾಂಡು, ಮಾತೃವಂದನ, ಗೃಹಲಕ್ಷ್ಮಿ ದೂರು ಎಲ್ಲವೂ ಆಕೆಯ ಮೇಜಿಗೇ. ಇಷ್ಟರ ನಡುವೆ ಮೂಗಲ್ಲಿ ರಕ್ತ ಸುರಿಸಿಕೊಂಡು ಬಂದವಳ ಮಾತನ್ನೂ ಕೂತು ಕೇಳಬೇಕು!

ನಾನು ಸಂಘದ ಒಬ್ಬ ಹೆಣ್ಣುಮಗಳ ಜೊತೆ ಇಂಥ ಒಂದು ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ ಮೇಡಂ ಮೀಟಿಂಗಿಗೆ ಹೋಗಿದ್ದರು. ಎರಡನೇ ಸಲ ಇದ್ದರು, ಅರ್ಧ ಗಂಟೆ ಕೇಳಿದರು, ಅಷ್ಟರಲ್ಲಿ ಜಿಲ್ಲೆಯಿಂದ ಫೋನು ಬಂತು. ಮೂರನೇ ಸಲ ವರದಿ ಬರೆದರು. ಬರೆದ ಮೇಲೆ, “ಅಮ್ಮಾ, ಇದನ್ನ ನಾಲ್ಕು ಪ್ರತಿ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ, ನಮ್ಮಲ್ಲಿ ಅದಕ್ಕೆ ದುಡ್ಡು ಬರಲ್ಲ” ಎಂದರು. “ನೋಟೀಸು ಕೊಡೋಕೆ ಹೋಗ್ಬೇಕಲ್ಲ ಮೇಡಂ, ಗಾಡಿ?” ಎಂದು ಕೇಳಿದೆ. “ಗಾಡಿ ಅಂಗನವಾಡಿ ತಪಾಸಣೆಗೆ ಅಂತ ಕೊಟ್ಟಿರೋದು. ಡೀಸೆಲ್ ಬಿಲ್ಲು ಯಾವ ಲೆಕ್ಕಕ್ಕೆ ಹಾಕ್ಲಿ ಹೇಳಿ?” ಎಂದರು. ಜೆರಾಕ್ಸಿನ ದುಡ್ಡು ನಮ್ಮ ಸಂಘದ ಚಿಲ್ಲರೆ ಖರ್ಚಿನಿಂದ ಹೋಯಿತು. ಅದು ನಮ್ಮ ನಗದು ಪುಸ್ತಕದಲ್ಲಿದೆ. ಸರ್ಕಾರದ ಯಾವ ಪುಸ್ತಕದಲ್ಲೂ ಇರಲಾರದು.

ಆ ಅಧಿಕಾರಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆಕೆಯೂ ಈ ವ್ಯವಸ್ಥೆಯ ಚಾಕರಿಯಲ್ಲಿ ಬಸವಳಿದ ಹೆಣ್ಣೇ. ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಎಂದು ಕಾಯ್ದೆಯ 33ನೇ ಕಲಂ ಹೇಳುತ್ತದೆ. ಆಕೆಗೆ ಡೀಸೆಲ್ ದುಡ್ಡು ಕೊಡದವನಿಗೆ ಯಾವ ಕಲಮಿನಲ್ಲಿ ದಂಡ?

2025ರ ಮೇ 20ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಅವರ ಪೀಠ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು. ಸಂರಕ್ಷಣಾಧಿಕಾರಿಗಳು ಇಲ್ಲದ ಕಡೆ ಆರು ವಾರದೊಳಗೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿಗಳನ್ನು ಗುರುತಿಸಿ ಆ ಹೊಣೆ ವಹಿಸಿ ಎಂದಿತು. ಕಾಯ್ದೆ ಜಾರಿಯಾಗಿ ಹತ್ತೊಂಬತ್ತನೇ ವರ್ಷದಲ್ಲಿ ಕೋರ್ಟು ಹೀಗೆ ಹೇಳಬೇಕಾಯಿತೆಂದರೆ ಯಾರಿಗೆ ನಾಚಿಕೆಯಾಗಬೇಕು? ಇರುವವರನ್ನೇ ‘ಗುರುತಿಸುವುದು’ ನಮ್ಮಲ್ಲಿ ಎಂದೋ ಆಗಿದೆ. ಹೊಸ ಹುದ್ದೆ, ಹೊಸ ಹಣ ಬರದೆ ಗುರುತಿಸಿದರೆ ಒಂದು ಟೋಪಿಯ ಮೇಲೆ ಇನ್ನೊಂದು ಟೋಪಿ ಇಟ್ಟಂತೆ ಅಷ್ಟೆ.

ಹಣ ಎಲ್ಲಿ ನಿಲ್ಲುತ್ತದೆ?

ಬಜೆಟ್ಟಿನಲ್ಲಿ ಘೋಷಿಸಿದ್ದು ಹಣವಲ್ಲ, ಹಣ ಖರ್ಚು ಮಾಡಲು ಕೊಟ್ಟ ಅನುಮತಿ. ಇದನ್ನು ನಾವು ಚೆನ್ನಾಗಿ ತಿಳಿದುಕೊಳ್ಳಬೇಕು. ವಿಧಾನಸಭೆ ಒಪ್ಪಿದ ಮೇಲೆ ಆರ್ಥಿಕ ಇಲಾಖೆ ಕಂತುಕಂತಾಗಿ ಬಿಡುಗಡೆ ಮಾಡಬೇಕು. ಅಲ್ಲಿಂದ ಇಲಾಖೆಯ ನಿರ್ದೇಶನಾಲಯ, ಜಿಲ್ಲೆಯ ಉಪನಿರ್ದೇಶಕರು, ತಾಲ್ಲೂಕು. ತಾಲ್ಲೂಕಿನಲ್ಲಿ ಬಿಲ್ಲು ಮಾಡಿ ಖಜಾನೆಗೆ ಕಳಿಸಬೇಕು. ಪ್ರತಿಯೊಂದು ರೂಪಾಯಿಗೂ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ಆ ಶೀರ್ಷಿಕೆ ಇಲ್ಲದೆ ಸಾಹೇಬರು ಮನಸ್ಸು ಮಾಡಿದರೂ ಒಂದು ಪೈಸೆ ಹೊರಬರುವುದಿಲ್ಲ. ಕೇಂದ್ರದಿಂದ ಬರುವ ಹಣಕ್ಕಂತೂ ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ಇಲ್ಲ. ಹಣ ತಡವಾಗಿ ಬಂದದ್ದರಿಂದ ಖರ್ಚು ತಡ, ಖರ್ಚು ತಡವಾದದ್ದರಿಂದ ಪ್ರಮಾಣಪತ್ರ ತಡ, ಪ್ರಮಾಣಪತ್ರ ತಡವಾದದ್ದರಿಂದ ಮತ್ತೆ ಹಣ ತಡ. ಎತ್ತು ಗಾಣ ಸುತ್ತಿದ ಹಾಗೆ.

ಕಡೆಯ ಕಂತು ಕೆಲವು ಸಲ ಫೆಬ್ರವರಿ ಮಾರ್ಚಿನಲ್ಲಿ ಬಂದು ಬೀಳುತ್ತದೆ. ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸು. ಆಗ ಅವಸರದಲ್ಲಿ ಏನು ಖರ್ಚಾಗುತ್ತದೆ? ಶಾಮಿಯಾನ, ಬ್ಯಾನರು, ಊಟದ ಪೊಟ್ಟಣ. ಒಂದು ‘ಜಾಗೃತಿ ಕಾರ್ಯಕ್ರಮ’ ಮಾಡಿ ನಮ್ಮನ್ನೇ ಸಂಘಗಳಿಂದ ಕರೆಸಿ ಕೂರಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಬಿಲ್ಲು ಪಾಸಾಗುತ್ತದೆ. ಹೆಣ್ಣು ಏಟು ತಿನ್ನುವುದು ಮಾತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಹನ್ನೆರಡು ತಿಂಗಳೂ.

ಇದರ ಪೆಟ್ಟು ಮೊದಲು ಬೀಳುವುದು ಯಾರ ಮೇಲೆ? ಕಡಿಮೆ ಸಂಬಳದ ಹೆಣ್ಣುಮಕ್ಕಳ ಮೇಲೆ. 2000-01ರಲ್ಲಿ ಶುರುವಾದ ‘ಸಾಂತ್ವನ’ ಕೇಂದ್ರಗಳನ್ನು ನೋಡಿ. ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆದ ಈ ಕೇಂದ್ರಗಳಲ್ಲಿ ಸಮಾಲೋಚಕಿಯರು, ಸಮಾಜ ಕಾರ್ಯಕರ್ತೆಯರು ಅಲ್ಪ ಗೌರವಧನಕ್ಕೆ ದುಡಿದರು. ಅರ್ಧರಾತ್ರಿ ಫೋನು ಎತ್ತಿದವರು ಅವರು. ಜಿಲ್ಲೆಗಳಲ್ಲಿ ಕೇಂದ್ರ ಸರ್ಕಾರದ ‘ಸಖಿ’ ಕೇಂದ್ರ ಬಂತಲ್ಲ ಎಂಬ ನೆಪ ಹೇಳಿ 2021ರಲ್ಲಿ ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚಲು ಸರ್ಕಾರ ಹೊರಟಾಗ ಮಹಿಳಾ ಸಂಘಟನೆಗಳು ಪ್ರತಿಭಟಿಸಬೇಕಾಯಿತು. ಹೊಸ ಮನೆಯ ಪಾಯ ತೆಗೆದದ್ದಕ್ಕೆ ಹಳೆ ಮನೆಯ ಸೂರು ಕಿತ್ತವರುಂಟೆ?

ಕ್ಯಾಮೆರಾಕ್ಕೆ ಇದೆ, ಕೌನ್ಸೆಲಿಂಗಿಗೆ ಇಲ್ಲ

ಹಣವೇ ಇಲ್ಲ ಎಂದರೆ ನಂಬಬೇಡಿ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಆ ಹುಡುಗಿಯ ಸಾವಿಗೆ ದೇಶವೇ ಮರುಗಿದ ಮೇಲೆ, 2013ರ ಕೇಂದ್ರ ಬಜೆಟ್ಟಿನಲ್ಲಿ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಣೆಯಾಯಿತು. ವರ್ಷ ಮುಗಿದರೂ ವಾಪಸು ಹೋಗದ ನಿಧಿ ಅದು. ಮೊದಲ ಕೆಲವು ವರ್ಷ ಅದರ ಬಹುಪಾಲು ಖರ್ಚೇ ಆಗದೆ ಬಿದ್ದಿತ್ತು. ಮುಂದೆ ಖರ್ಚು ಶುರುವಾದಾಗ 2018ರಲ್ಲಿ ಎಂಟು ಮಹಾನಗರಗಳಿಗೆ ‘ಸುರಕ್ಷಿತ ನಗರ’ ಯೋಜನೆ ಮಂಜೂರಾಯಿತು. ಬೆಂಗಳೂರು ನಗರದ ಪಾಲು ಸುಮಾರು 667 ಕೋಟಿ ರೂಪಾಯಿ. ಕಂಬಕಂಬಕ್ಕೂ ಕ್ಯಾಮೆರಾ, ದೊಡ್ಡ ಪರದೆಯ ನಿಯಂತ್ರಣ ಕೊಠಡಿ.

ರಸ್ತೆಯಲ್ಲಿ ಕ್ಯಾಮೆರಾ ಬೇಡ ಎಂದು ನಾನು ಹೇಳುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಗೆ ಅದೂ ಬೇಕು. ಆದರೆ ಅಡುಗೆಮನೆಯಲ್ಲಿ ಯಾವ ಕ್ಯಾಮೆರಾ ಇದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ 2015-16ರ ಸುತ್ತಿನಲ್ಲಿ ಕೇಳಿದಾಗ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 20.6 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. 2019-20ರಲ್ಲಿ ಕೇಳಿದಾಗ 44.4 ಮಂದಿ. ನಿಮ್ಮ ಸಂಘದಲ್ಲಿ ಇಪ್ಪತ್ತು ಮಂದಿ ಇದ್ದರೆ ಎಂಟೊಂಬತ್ತು ಮಂದಿ ಎಂದು ಲೆಕ್ಕ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅಪಾಯ ಇರುವುದು ಮನೆಯೊಳಗೆ, ಹಣ ಹೋಗುವುದು ಕಂಬದ ಮೇಲಕ್ಕೆ!

ಅದೂ ನಮ್ಮ ಜಿಲ್ಲೆಯಲ್ಲಿ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ಎಕರೆಯ ಬೆಲೆ ಏರಿತು, ಜೊತೆಗೆ ಗಂಡಿನ ಬೆಲೆಯೂ ಏರಿತು. ಒಂದು ಕಾಲಕ್ಕೆ ವಾಚು, ಸೈಕಲ್ಲು ಕೇಳುತ್ತಿದ್ದವರು ಈಗ ಸೈಟು, ಕಾರು ಕೇಳುತ್ತಾರೆ. ತವರಿನವರು ಜಮೀನು ಮಾರಿದ್ದಾರೆ ಅಥವಾ ಭೂಸ್ವಾಧೀನದ ಪರಿಹಾರ ಪಡೆದಿದ್ದಾರೆ ಎಂಬ ಸುದ್ದಿ ಬಂದ ರಾತ್ರಿಯೇ ಗಂಡನ ಮನೆಯಲ್ಲಿ ಮಾತು ಶುರು. “ನಿನ್ನ ಪಾಲು ಎಲ್ಲಿ?” ತಂದರೆ ಗಂಡನ ಹೆಸರಿಗೆ, ತಾರದಿದ್ದರೆ ಏಟು. ಜಿಲ್ಲೆಗೆ ಕೈಗಾರಿಕೆ ತರಲು ಕಚೇರಿಗಳಿವೆ, ಜಮೀನು ಅಳೆಯಲು ಸಿಬ್ಬಂದಿಯಿದ್ದಾರೆ. ಆ ಜಮೀನಿನ ದುಡ್ಡಿಗಾಗಿ ಹೊಡೆತ ತಿನ್ನುವ ಸೊಸೆಯ ಮಾತು ಕೇಳಲು ಪೂರ್ಣಕಾಲದ ಒಬ್ಬಳಿಲ್ಲ.

2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರು ಏನಾದರೂ ಇರಲಿ. ಜಿಲ್ಲಾಡಳಿತ ಭವನ ಇರುವುದು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ. ನೆಲಮಂಗಲದ ಒಳಹಳ್ಳಿಯವಳು, ಹೊಸಕೋಟೆಯ ಗಡಿಹಳ್ಳಿಯವಳು ಅಲ್ಲಿಗೆ ಹೋಗಿಬರಲು ಒಂದು ಹಗಲು ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆಯಾಯಿತು ನಿಜ, ದಿನದ ಕೂಲಿ ಪುಕ್ಕಟೆಯಾಗಲಿಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ, ಮಗ್ಗದಲ್ಲಿ ದುಡಿಯುವವಳು ಮೂರು ದಿನ ರಜೆ ಹಾಕಿದರೆ ಆ ತಿಂಗಳ ಬಾಡಿಗೆ ಕೈಗೆ ಸಿಗದು. ಆದ್ದರಿಂದಲೇ ಅಧಿಕಾರಿ ತಾಲ್ಲೂಕಿನಲ್ಲಿರಬೇಕು, ಕೈಯಲ್ಲಿ ಹಣವೂ ಇರಬೇಕು.

ಅವರು ಹೇಳುವ ಮೂರು ಮಾತು

“ಗೃಹಲಕ್ಷ್ಮಿ ಕೊಡುತ್ತಿಲ್ಲವೆ?” ಎನ್ನುತ್ತಾರೆ. ಕೊಡಲಿ, ಅದು ನಮ್ಮ ಹಕ್ಕು. 94,084 ಕೋಟಿಯಲ್ಲಿ 28,608 ಕೋಟಿ ಅದಕ್ಕೇ ಮೀಸಲಾಯಿತು. ಆದರೆ ಗಮನಿಸಿ. 2025ರ ಫೆಬ್ರವರಿ, ಮಾರ್ಚ್ ತಿಂಗಳ ಕಂತು ಪಾವತಿಯಾಗಿಲ್ಲ ಎಂದು ಸರ್ಕಾರ ಸದನದಲ್ಲಿ ಒಪ್ಪಿಕೊಂಡದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದಲ್ಲಿ, ವಿರೋಧ ಪಕ್ಷ ಪಟ್ಟು ಹಿಡಿದ ಮೇಲೆ. ಗದ್ದಲವಾದದ್ದು ಏಕೆ? ಎರಡು ಸಾವಿರ ಬಾರದಿದ್ದರೆ ಪ್ರತಿ ಮನೆಯ ಹೆಂಗಸಿಗೂ ಗೊತ್ತಾಗುತ್ತದೆ, ಬ್ಯಾಂಕಿನ ಮೆಸೇಜು ಬರುವುದಿಲ್ಲ. ಸಂರಕ್ಷಣೆಗೆ ಇಟ್ಟ ಹಣ ಬಾರದಿದ್ದರೆ, ಬಂದದ್ದು ವಾಪಸು ಹೋದರೆ ಯಾರಿಗೂ ತಿಳಿಯುವುದಿಲ್ಲ. ತಿಳಿಯದ ಹಣವನ್ನು ಕದಿಯುವುದೇ ಬೇಕಾಗಿಲ್ಲ, ಮರೆತರೆ ಸಾಕು.

“ಇದು ಮನೆ ವಿಷಯ, ದುಡ್ಡಿನಿಂದ ಸರಿಹೋಗುತ್ತದೆಯೆ?” ಎನ್ನುತ್ತಾರೆ. ಮನೆ ವಿಷಯವಾಗಿದ್ದರೆ ಸಂಸತ್ತು ಕಾಯ್ದೆ ಮಾಡುತ್ತಿರಲಿಲ್ಲ. ದುಡ್ಡಿನಿಂದ ಗಂಡನ ಬುದ್ಧಿ ಸರಿಹೋಗದಿರಬಹುದು. ಆದರೆ ಆ ರಾತ್ರಿ ಮಲಗಲು ಜಾಗ, ವೈದ್ಯರ ಸರ್ಟಿಫಿಕೇಟು, ಮಗುವಿಗೆ ಹಾಲು, ನೋಟೀಸು ಮುಟ್ಟಿಸಲು ಗಾಡಿ, ಇವೆಲ್ಲ ದುಡ್ಡಿನಿಂದಲೇ ಆಗುವುದು. ಅವಳನ್ನು “ಹೊಂದಿಕೊಂಡು ಹೋಗಮ್ಮ” ಎಂದು ಅದೇ ಮನೆಗೆ ವಾಪಸು ಕಳಿಸುವುದು ಎಷ್ಟೋ ಸಲ ಸಂಪ್ರದಾಯಕ್ಕಾಗಿ ಅಲ್ಲ, ಇರಿಸಿಕೊಳ್ಳಲು ಬೇರೆ ಜಾಗ ಇಲ್ಲದ್ದಕ್ಕೆ.

“ಹೆಂಗಸರು ಕಾಯ್ದೆ ದುರುಪಯೋಗ ಮಾಡುತ್ತಾರೆ” ಎನ್ನುತ್ತಾರೆ. ಹಾಗಿದ್ದರೆ ಪೂರ್ಣಕಾಲದ ಅಧಿಕಾರಿ ಇನ್ನೂ ಬೇಕು. ಮನೆಗೆ ಹೋಗಿ, ಅಕ್ಕಪಕ್ಕದವರನ್ನು ಕೇಳಿ, ಸಾವಧಾನವಾಗಿ ವರದಿ ಬರೆಯುವವರಿದ್ದರೆ ತಾನೆ ನಿಜ ಯಾವುದು, ಸುಳ್ಳು ಯಾವುದು ತಿಳಿಯುವುದು? ದುರುಪಯೋಗದ ಮಾತಾಡುವವರು ಒಂದು ದಿನವಾದರೂ ಸಂರಕ್ಷಣಾಧಿಕಾರಿಯ ಹುದ್ದೆ ಕೊಡಿ ಎಂದು ಕೇಳಿದ್ದನ್ನು ನಾನು ಕೇಳಿಲ್ಲ.

ನಾವು ಕೇಳಬೇಕಾದದ್ದು, ಮಾಡಬೇಕಾದದ್ದು

ನಾಲ್ಕೂ ತಾಲ್ಲೂಕಿಗೆ ಬೇರೆ ಹೊಣೆಯಿಲ್ಲದ ಪೂರ್ಣಕಾಲದ ಸಂರಕ್ಷಣಾಧಿಕಾರಿ ಬೇಕು. ಆಕೆಯ ಕಚೇರಿ ವೆಚ್ಚ, ಪ್ರಯಾಣ, ನೋಟೀಸು, ಜೆರಾಕ್ಸು ಎಲ್ಲಕ್ಕೂ ಸೇರಿ ಬಜೆಟ್ಟಿನಲ್ಲಿ ತಾಲ್ಲೂಕುವಾರು ಹಣ ಬೇಕು. ಮನೆಬಿಟ್ಟು ಬಂದವಳ ಮೊದಲ ವಾರದ ಖರ್ಚಿಗೆ ಆಕೆಯ ಕೈಯಲ್ಲೇ ಒಂದು ತುರ್ತು ನಿಧಿ ಬೇಕು. ಸಮಾಲೋಚಕಿಯರ ಗೌರವಧನ ತಿಂಗಳ ಮೊದಲ ವಾರದಲ್ಲೇ ಆಗಬೇಕು. ಮೂರು ತಿಂಗಳಿಗೊಮ್ಮೆ ‘ಮಂಜೂರಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು’ ಎಂದು ಮೂರು ಅಂಕಿ ತಾಲ್ಲೂಕು ಕಚೇರಿಯ ಮತ್ತು ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರೆಸಬೇಕು.

ಕೇಳಿದರೆ ಕೊಡುವವರಲ್ಲ ಇವರು. ಆದ್ದರಿಂದ ಮೊದಲು ಲೆಕ್ಕ ತರಿಸೋಣ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು, ಬಿ.ಪಿ.ಎಲ್. ಕಾರ್ಡಿನವರಿಗೆ ಆ ಶುಲ್ಕವೂ ಇಲ್ಲ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ನಮಗೆ ಅಷ್ಟೂ ಬೇಡ. ಕಳೆದ ಮೂರು ವರ್ಷ ಈ ಕಾಯ್ದೆಯ ಜಾರಿಗೆ ನಮ್ಮ ತಾಲ್ಲೂಕಿಗೆ ಬಂದ ಹಣ ಎಷ್ಟು, ಯಾವ ತಾರೀಕಿಗೆ ಬಂತು, ಯಾವುದಕ್ಕೆ ಖರ್ಚಾಯಿತು, ಎಷ್ಟು ವಾಪಸಾಯಿತು, ಎಷ್ಟು ಘಟನಾ ವರದಿ ಬರೆಯಲಾಯಿತು ಎಂದು ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ‘ಯಾವ ತಾರೀಕಿಗೆ’ ಎಂಬುದನ್ನು ಮರೆಯಬೇಡಿ. ಮಾರ್ಚ್ 28ಕ್ಕೆ ಬಂದ ಹಣ ಬಂದದ್ದಲ್ಲ.

ಉತ್ತರ ಕೈಗೆ ಬಂದ ಮೇಲೆ ಅದನ್ನು ಸಂಘದ ಸಭೆಯಲ್ಲಿ ಓದಿ, ಒಕ್ಕೂಟದಲ್ಲಿ ಓದಿ. ಮಹಿಳಾ ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ, ನಡವಳಿ ಪುಸ್ತಕದಲ್ಲಿ ಠರಾವು ಬರೆಸಿ, ಬರೆಯುವವರೆಗೆ ಏಳಬೇಡಿ. ಆ ಠರಾವು ಹಿಡಿದು ಶಾಸಕರ ಬಳಿಗೆ ಹೋಗೋಣ. ತಾಲ್ಲೂಕಿನ ಕೆ.ಡಿ.ಪಿ. ಸಭೆಯಲ್ಲಿ ರಸ್ತೆ, ಕೊಳವೆಬಾವಿ, ರಸಗೊಬ್ಬರದ ಪ್ರಗತಿ ಕೇಳುತ್ತಾರೆ. ಕೌಟುಂಬಿಕ ದೌರ್ಜನ್ಯದ ಅರ್ಜಿಗಳ ಪ್ರಗತಿಯನ್ನೂ ಅಲ್ಲೇ ಕೇಳಲಿ.

ಅಲ್ಲಿಯವರೆಗೆ ನಮ್ಮ ಅಕ್ಕತಂಗಿಯರು ಕಾಯುವಂತಿಲ್ಲ. ಆದ್ದರಿಂದ ಇದನ್ನೂ ತಿಳಿದಿರಿ. ಹಿಂಸೆ ನಡೆದಿದೆ ಎಂದು ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ತಿಳಿಸಬಹುದು, ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಅವಳ ಪರವಾಗಿ ಬೇರೆಯವರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಕಾನೂನು ನೆರವು ಉಚಿತ, ಅದಕ್ಕೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ನಂಬರನ್ನು ಸಂಘದ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡಿ.

ಗೆಳತಿಯರೇ, ಸಂಘದ ಸಾಲದ ಒಂದು ಕಂತು ತಪ್ಪಿದರೆ ಬ್ಯಾಂಕಿನವರು ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಇಪ್ಪತ್ತು ವರ್ಷದಿಂದ ಕಾಯ್ದೆ ಕಾಗದದ ಮೇಲಿದೆ, ಹಣ ಭಾಷಣದಲ್ಲಿದೆ. ಸರ್ಕಾರ ನಮಗೆ ಕಟ್ಟಬೇಕಾದ ಕಂತು ಎಷ್ಟು ಬಾಕಿಯಿದೆ ನೀವೇ ಲೆಕ್ಕ ಹಾಕಿ. ಈ ತಿಂಗಳ ಸಭೆಯಲ್ಲೇ ಮೊದಲ ಅರ್ಜಿ ಬರೆಯಿರಿ. ವಸೂಲಿಗೆ ಬಾಗಿಲಿಗೆ ಹೋಗುವ ಸರದಿ ಈ ಸಲ ನಮ್ಮದು.